ನನ್ನ ಕ್ಯಾಲೆಂಡರಿಗೆ ಅತ್ತಿಗೆ ಇಟ್ಟ ಹೆಸರು

ಮನೆಯಲ್ಲಿ ಹೊಗಳಿಸಿಕೊಳ್ಳುವವರು ಒಬ್ಬರು, ಆಫೀಸಿನಲ್ಲಿ ಹೊಗಳಿಸಿಕೊಳ್ಳುವವರು ಇನ್ನೊಬ್ಬರು ಆಗಿದ್ದರೆ ಮನುಷ್ಯ ಹೇಗೋ ಬದುಕಿಕೊಳ್ಳಬಹುದು. ಒಂದು ಕಡೆ ಉರಿದುಕೊಂಡು, ಇನ್ನೊಂದು ಕಡೆ ಹೋಗಿ ತಣ್ಣಗಾಗಬಹುದು. ನನಗೆ ಆ ಅನುಕೂಲವಿಲ್ಲ. ಎರಡೂ ಕಡೆ ಹೊಗಳಿಕೆ ಸಲ್ಲುವುದು ಒಬ್ಬರಿಗೇ, ನನ್ನ ಅಣ್ಣನ ಹೆಂಡತಿಗೆ. ಅವರನ್ನು ಆಫೀಸಿಗೆ ತಂದು ಸೇರಿಸಿದವನು ನಾನೇ. ದಿನಾ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕರೆದೊಯ್ಯುವವನೂ ನಾನೇ. ಸ್ವಂತ ಹೊಟ್ಟೆಕಿಚ್ಚನ್ನು ಸ್ವಂತ ಪೆಟ್ರೋಲ್ ಹಾಕಿ ಸಾಗಿಸುವ ಯೋಗ ಎಲ್ಲರಿಗೂ ಬರುವುದಿಲ್ಲ.

ಅತ್ತಿಗೆ ನಾಲ್ವರು ಹೆಣ್ಣುಮಕ್ಕಳ ಮನೆಯಲ್ಲಿ ಮೂರನೆಯವರು. ಆ ಮನೆಯಲ್ಲಿ ಕೊನೆಯ ತಂಗಿ 'ಅಕ್ಕಾ' ಎಂದು ಕೂಗಿದರೆ ಮೂರು ಕೋಣೆಗಳಿಂದ ಮೂವರು 'ಏನೇ' ಎನ್ನುತ್ತಿದ್ದರಂತೆ, ಇಲ್ಲವೇ ಇನ್ನಿಬ್ಬರು ಹೋಗುತ್ತಾರೆ ಬಿಡು ಎಂದು ಒಬ್ಬರೂ ಏಳುತ್ತಿರಲಿಲ್ಲವಂತೆ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ನಮ್ಮ ಅತ್ತಿಗೆ ಇದಕ್ಕೊಂದು ವ್ಯವಸ್ಥೆ ಮಾಡಿದರು. ಮೊದಲನೆಯವಳು ದೊಡ್ಡಕ್ಕ, ಎರಡನೆಯವಳು ನಡುವಿನಕ್ಕ, ತಾನು ಹತ್ತಿರದಕ್ಕ. ಯಾಕೆ ಹತ್ತಿರದಕ್ಕ ಎಂದರೆ ತಂಗಿಯ ಪಕ್ಕದ ಹಾಸಿಗೆ ಅವರದು. ಆ ತಂಗಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ, ಇವತ್ತಿಗೂ ಫೋನ್ ಮಾಡಿದರೆ 'ಹತ್ತಿರದಕ್ಕ ಇದಾಳಾ?' ಎಂದೇ ಕೇಳುತ್ತಾಳೆ. ಇಂಥದ್ದನ್ನೆಲ್ಲ ನಮ್ಮ ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಚಿಕ್ಕವನಿದ್ದಾಗ ಮಾಡಿದ ಜಾಣತನ ಒಂದನ್ನೂ ಹೇಳುವುದಿಲ್ಲ. ಕೇಳಿದರೆ, 'ನೆನಪಾದರೆ ಹೇಳ್ತೀನಿ ಕಣೋ' ಎನ್ನುತ್ತಾಳೆ.

ಅವರು ನೋಡಲು ಸಾಮಾನ್ಯ ಹೆಂಗಸು. ಗಿಡ್ಡ ಆಳು, ದಪ್ಪ ಕನ್ನಡಕ, ಬೇಗ ಬೇಗ ನಡಿಗೆ. ಅರ್ಧ ತೆರೆದ ಡ್ರಾಯರು ಕಣ್ಣಿಗೆ ಬಿದ್ದರೆ ಅದು ಯಾರದೇ ಇರಲಿ, ದಾಟಿ ಹೋಗುವಾಗ ಸೊಂಟದಿಂದ ಮೆಲ್ಲಗೆ ಒತ್ತಿ ಮುಚ್ಚಿಯೇ ಹೋಗುತ್ತಾರೆ. ಬ್ಯಾಂಕಿನಲ್ಲಿ ಸರದಿಗೆ ನಿಂತಾಗ ಗುಮಾಸ್ತನ ಡ್ರಾಯರನ್ನೂ ಮುಚ್ಚಿದ್ದಾರೆ ಎಂದು ಅಣ್ಣ ಆಣೆ ಮಾಡಿ ಹೇಳುತ್ತಾನೆ. ಇದು ಅವರ ದೌರ್ಬಲ್ಯ. ಎಷ್ಟು ಹುಡುಕಿದರೂ ಇದೊಂದೇ ಸಿಕ್ಕಿದ್ದರಿಂದ ಇಲ್ಲಿ ಎದ್ದು ಕಾಣುವ ಹಾಗೆ ಬರೆದಿದ್ದೇನೆ.

ಮದುವೆಗೆ ಮುಂಚೆ ಅವರು ಬಸ್ ಟಿಕೆಟ್ ಕಾದಿರಿಸುವ ಪ್ರೋಗ್ರಾಮ್ ಬರೆಯುವ ಕಂಪನಿಯಲ್ಲಿದ್ದರು. ಮಗಳು ಹುಟ್ಟಿದ ಮೇಲೆ ಬಿಟ್ಟರು. ಮಗಳು ಸಂಜೆಯವರೆಗೆ ಶಾಲೆಯಲ್ಲಿ ಕೂರುವಷ್ಟು ದೊಡ್ಡವಳಾದಾಗ ಅಣ್ಣ ನನ್ನನ್ನು ಬಾಲ್ಕನಿಗೆ ಕರೆದು, ಒಗೆದ ಬಟ್ಟೆಗಳ ಹಿಂದೆ ನಿಲ್ಲಿಸಿ, ನಿಮ್ಮ ಆಫೀಸಿನಲ್ಲಿ ಏನಾದರೂ ಇದೆಯಾ ನೋಡೋ ಎಂದ. ಆಗ ನಾನು ಎಷ್ಟು ಎತ್ತರಕ್ಕೆ ಬೆಳೆದೆನೆಂದರೆ ಬಟ್ಟೆ ಒಣಗಿಸುವ ಹಗ್ಗ ತಲೆಗೆ ತಾಗಿತು. ಮಾರನೆಯ ದಿನ ನಮ್ಮ ಯಜಮಾನರ ಮುಂದೆ ನಿಂತು, ಅತ್ತಿಗೆಯವರಿಗೆ ಅಭ್ಯಾಸ ಸ್ವಲ್ಪ ತಪ್ಪಿದೆ, ಪರವಾಗಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದೆ. ಆ ಮಾತನ್ನು ಯಜಮಾನರು ಈಗಲೂ ಆಗಾಗ ನೆನಪಿಸುತ್ತಾರೆ. ನಗುತ್ತಾ ನೆನಪಿಸುತ್ತಾರೆ, ಅದೇ ತೊಂದರೆ.

ನಮ್ಮ ಆಫೀಸು ಟೈರ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿದೆ. ಲಿಫ್ಟ್ ರಿಪೇರಿ ಮಾಡುವ ಕಂಪನಿಗಳಿಗೆ ನಾವು ಪ್ರೋಗ್ರಾಮ್ ಬರೆಯುತ್ತೇವೆ. ಯಾವ ಕಟ್ಟಡದ ಲಿಫ್ಟಿಗೆ ಯಾವಾಗ ಎಣ್ಣೆ ಹಾಕಬೇಕು, ಯಾವ ಮೆಕ್ಯಾನಿಕ್ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ನಮ್ಮ ಕಟ್ಟಡದ ಲಿಫ್ಟ್ ಮಾತ್ರ ಎರಡನೇ ಮಹಡಿಯಲ್ಲಿ ಬಾಯಿ ತೆರೆದು ನಿಂತುಬಿಟ್ಟಿದೆ. ಅದನ್ನು ನೋಡಿಕೊಳ್ಳುವ ಕಂಪನಿ ನಮ್ಮ ಗಿರಾಕಿಯಲ್ಲ ಎಂದು ಯಜಮಾನರು ಹೆಮ್ಮೆಯಿಂದ ಹೇಳುತ್ತಾರೆ.

ಅತ್ತಿಗೆ ಬಂದ ಮೊದಲ ದಿನ ನಾನು ಅವರಿಗೆ ಆಫೀಸನ್ನು ತೋರಿಸಿ, ದೊಡ್ಡ ಮನುಷ್ಯನ ಹಾಗೆ ನನ್ನ ಜಾಗಕ್ಕೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಅವರ ಧ್ವನಿ ಬಂತು: "ಮರಿ, ಕುಡಿಯೋ ನೀರು ಎಲ್ಲಿದೆ?"

ಮನೆಯಲ್ಲಿ ನನ್ನನ್ನು ಎಲ್ಲರೂ ಮರಿ ಎಂದೇ ಕರೆಯುವುದು. ಆಫೀಸಿನಲ್ಲಿ ಅಲ್ಲಿಯವರೆಗೆ ನನ್ನನ್ನು 'ಗುರುಗಳು' ಎನ್ನುತ್ತಿದ್ದರು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನು 'ಮರಿ ಗುರುಗಳು' ಆಗಿದ್ದೆ, ವಾರ ಕಳೆಯುವುದರಲ್ಲಿ ಗುರುಗಳು ಉದುರಿಹೋಗಿ ಬರೀ ಮರಿ ಉಳಿಯಿತು.

ಗುರುಗಳು ಎಂಬ ಆ ಪದವಿ ನನಗೆ ಹೇಗೆ ಬಂದಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಏನು ಕಳೆದುಕೊಂಡೆ ಎಂದು ನಿಮಗೆ ತಿಳಿಯುವುದಿಲ್ಲ. ಪ್ರೋಗ್ರಾಮ್ ಅಂದರೆ ಒಂದೇ ಉದ್ದನೆಯ ಬರಹವಲ್ಲ, ಫೈಲುಗಳ ಒಂದು ಕೂಡುಕುಟುಂಬ. ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದು ಕೆಲಸ. ಒಂದು ಫೈಲಿಗೆ ಇನ್ನೊಂದರ ಸಹಾಯ ಬೇಕಾದರೆ ಹೆಸರು ಹಿಡಿದು ಕರೆಯಬೇಕು. ಅದಕ್ಕೆ ನಾವು ಇಂಪೋರ್ಟ್ ಅನ್ನುತ್ತೇವೆ. ಕರೆದಾಗ ಕಂಪ್ಯೂಟರು ಆ ಹೆಸರಿನವರು ಮನೆಯೊಳಗೆ ಇದ್ದಾರಾ ಎಂದು ಮೊದಲು ನೋಡುತ್ತದೆ, ಇಲ್ಲದಿದ್ದರೆ ಹೊರಗೆ ಹುಡುಕುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು, ಯಾವ ಲಿಫ್ಟನ್ನು ಯಾವ ದಿನ ನೋಡಬೇಕೆಂದು ಲೆಕ್ಕ ಹಾಕುವ ಫೈಲು ಬರೆದೆ. ಬಹಳ ಮುದ್ದಾಗಿ ಬರೆದೆ. ದಿನಗಳ ಲೆಕ್ಕವಲ್ಲವೇ ಎಂದು ಅದಕ್ಕೆ 'ಕ್ಯಾಲೆಂಡರ್' ಎಂದು ಹೆಸರಿಟ್ಟೆ. ನಾವು ಬಳಸುವ ಕಂಪ್ಯೂಟರ್ ಭಾಷೆಯ ಜೊತೆಯಲ್ಲೇ ಅದೇ ಹೆಸರಿನ ಒಂದು ಫೈಲು ಬರುತ್ತದೆ, ಲೋಕಕ್ಕೆಲ್ಲ ಅದೇ ಕ್ಯಾಲೆಂಡರ್ ಎಂಬುದು ನನಗೆ ಗೊತ್ತಿರಲಿಲ್ಲ. ಗಿರಾಕಿಗಳಿಗೆ ಈಮೇಲ್ ಕಳಿಸುವ ಭಾಗ ಲೋಕದ ಕ್ಯಾಲೆಂಡರನ್ನು ಕರೆದರೆ ನಮ್ಮ ಮನೆಯೊಳಗಿನದು ಕಣ್ಣುಜ್ಜಿಕೊಂಡು ಎದ್ದು ಬರುತ್ತಿತ್ತು. ಅದು ಕೇಳಿದ್ದು ಇದಕ್ಕೆ ಗೊತ್ತಿಲ್ಲ, ಇದು ಹೇಳುವುದು ಅದಕ್ಕೆ ಬೇಕಿಲ್ಲ. ಇಡೀ ಪ್ರೋಗ್ರಾಮ್ ಕೈಚೆಲ್ಲಿ ಕೂರುತ್ತಿತ್ತು.

ಹೆಸರು ಬದಲಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಬೇರೆ ಫೈಲುಗಳೆಲ್ಲ ಅದನ್ನು ಆ ಹೆಸರಿನಿಂದಲೇ ಕರೆಯುವುದನ್ನು ರೂಢಿ ಮಾಡಿಕೊಂಡಿದ್ದವು. ಅದಕ್ಕೆ ನಾನು ಪ್ರತಿ ಫೈಲಿನ ತಲೆಯ ಮೇಲೂ ದಾರಿ ತೋರಿಸುವ ಸಾಲುಗಳನ್ನು ಅಂಟಿಸಿದೆ: ಮೊದಲು ಇಲ್ಲಿ ಹುಡುಕು, ಆಮೇಲೆ ಅಲ್ಲಿ, ಇದು ಬೇಕಾದರೆ ಈ ಕಡೆ ತಿರುಗು. ಈ ದಾರಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬೇರೆ. ಹೀಗಾಗಿ ಯಾರ ಕಂಪ್ಯೂಟರಿನಲ್ಲಾದರೂ 'ಫೈಲು ಸಿಗಲಿಲ್ಲ' ಎಂಬ ಕೆಂಪು ಅಕ್ಷರ ಕಂಡರೆ ನನ್ನ ಹತ್ತಿರವೇ ಬರಬೇಕು. ಬಂದವರು ಕೂರಲು ನನ್ನ ಮೇಜಿನ ಪಕ್ಕ ಒಂದು ಕುರ್ಚಿ ಇತ್ತು. ಅದನ್ನು ಎಲ್ಲರೂ ರೋಗಿ ಕುರ್ಚಿ ಎನ್ನುತ್ತಿದ್ದರು. ಪ್ರೋಗ್ರಾಮಿನ ಪರದೆ ಹೇಗೆ ಕಾಣಬೇಕೆಂದು ಚಿತ್ರಿಸುವ ನಮ್ಮ ಜಿರಾಫೆ (ಆರಡಿಗೂ ಮೀರಿದ ಹುಡುಗ, ಬಾಗಿಲಿಗೆ ತಲೆ ಬಗ್ಗಿಸಿಯೇ ಬರುತ್ತಾನೆ) ಆ ಕುರ್ಚಿಯಲ್ಲಿ ಮಡಚಿಕೊಂಡು ಕೂತು, "ಗುರುಗಳೇ, ಮತ್ತೆ ಸಿಗ್ತಿಲ್ಲ" ಎನ್ನುವಾಗ ನನಗೆ ಆಗುತ್ತಿದ್ದ ಸುಖವನ್ನು ಯಾವ ಸಂಬಳವೂ ಕೊಟ್ಟಿಲ್ಲ. ನನಗೆ ಜ್ವರ ಬಂದ ವಾರವಂತೂ ಇಡೀ ಆಫೀಸು ಹೊದಿಕೆಯೊಳಗಿನ ನನಗೆ ಫೋನ್ ಮಾಡುತ್ತಿತ್ತು. ನನ್ನ ಬದುಕಿನ ಬಂಗಾರದ ವಾರ ಅದು.

ಅತ್ತಿಗೆಯೂ ಮೊದಲ ವಾರ ಆ ಕುರ್ಚಿಯಲ್ಲಿ ಕೂತರು. ನಾನು ದಾರಿ ಸರಿಮಾಡಿ ಕೊಟ್ಟೆ. ಅವರು ನೋಡುತ್ತಾ ಇದ್ದು, ಮೆಲ್ಲಗೆ ಕೇಳಿದರು: "ಪ್ರತಿ ಸಲವೂ ಹೀಗೇನಾ ಮರಿ?"

"ಪ್ರತಿ ಸಲವೂ" ಎಂದೆ, ಎದೆಯುಬ್ಬಿಸಿ.

ಅವರು ಎದ್ದು ಹೋಗುವಾಗ ನನ್ನ ಮೇಜಿನ ಡ್ರಾಯರು ಮುಚ್ಚಿ ಹೋದರು. ಆಮೇಲೆ ಅವರು ಆ ಕುರ್ಚಿಯ ಕಡೆ ಸುಳಿಯಲಿಲ್ಲ.

ಹೀಗಿರುವಾಗ ಒಂದು ದೊಡ್ಡ ಗಿರಾಕಿ ಬಂತು. ಆಸ್ಪತ್ರೆಗಳ ಲಿಫ್ಟು ನೋಡಿಕೊಳ್ಳುವ ಕಂಪನಿ, ಹತ್ತಾರು ಕಡೆ ಶಾಖೆಗಳು. ಅವರದು ಒಂದೇ ಷರತ್ತು: ಪ್ರೋಗ್ರಾಮನ್ನು ಪ್ರತಿ ಶಾಖೆಯಲ್ಲೂ ಅಲ್ಲಿಯವರೇ ಹಾಕಿಕೊಳ್ಳಬೇಕು, ನಮ್ಮ ಕಡೆಯಿಂದ ಒಬ್ಬರೂ ಹೋಗುವಂತಿಲ್ಲ, ಫೋನ್ ಮಾಡುವಂತಿಲ್ಲ. ಯಜಮಾನರು ಎಲ್ಲರನ್ನೂ ಕರೆದು ಹೇಳಿದರು. ಮೀಟಿಂಗ್ ಕೋಣೆಯಲ್ಲಿ ಡಬ್ಬಿಯಿಂದ ಆಗತಾನೇ ತೆಗೆದ ಕಂಪ್ಯೂಟರ್ ಇಡುತ್ತೇನೆ. ನಮ್ಮ ಟೆಸ್ಟರಕ್ಕ ಒಬ್ಬರೇ ಅದರ ಮುಂದೆ ಕೂತು ಪ್ರೋಗ್ರಾಮ್ ಹಾಕಬೇಕು, ಯಾರೂ ಕೈ ಹಾಕಬಾರದು. ಯಾರು ಸಿದ್ಧ ಮಾಡಿಕೊಟ್ಟಿದ್ದು ಎದ್ದು ನಡೆಯುತ್ತದೋ ಅವರೇ ಈ ಗಿರಾಕಿಯ ಕೆಲಸಕ್ಕೆ ಮುಖ್ಯಸ್ಥರು. ಯಾರದೂ ಏಳದಿದ್ದರೆ ಕೆಲಸವನ್ನು ಹೊರಗಿನವರಿಗೆ ಕೊಟ್ಟು, ನಾವು ಹಳೆಯ ಗಿರಾಕಿಗಳನ್ನೇ ನೋಡಿಕೊಂಡಿರೋಣ.

ಟೆಸ್ಟರಕ್ಕ ಎಂದರೆ ನಾವು ಬರೆದದ್ದರಲ್ಲಿ ತಪ್ಪು ಹುಡುಕುವವರು. ಅವರು ಒಬ್ಬರೇ ಕೂತು ಹಾಕುವುದೆಂದರೆ ಸಾಕ್ಷಾತ್ ಶನಿ ಬಂದು ಕೂತ ಹಾಗೆ. ಆದರೂ ಮುಖ್ಯಸ್ಥ ಎಂಬ ಶಬ್ದ ಕೇಳಿದ್ದೇ ನನಗೆ ಬೇರೇನೂ ಕೇಳಿಸಲಿಲ್ಲ. ಕುರ್ಚಿ ಹೋಗಲಿ, ಕೋಣೆಯೇ ಸಿಗಬಹುದು. ಬಾಗಿಲ ಮೇಲೆ ಮರಿ ಎಂದು ಬರೆಯಲಾರರಷ್ಟೆ.

"ನಾನೂ ಒಂದು ಕೈ ನೋಡ್ತೀನಿ ಸಾರ್" ಎಂದರು ಅತ್ತಿಗೆ.

ಆ ದಿನದಿಂದ ಅವರ ಕೆಲಸ ಶುರುವಾಯಿತು. ಅವರು ಕಂಪ್ಯೂಟರ್ ಮುಟ್ಟುವುದಕ್ಕೆ ಮುಂಚೆ ಮನುಷ್ಯರ ಹತ್ತಿರ ಹೋದರು. ಒಬ್ಬೊಬ್ಬರ ಪಕ್ಕ ನಿಂತು, ಈ ಫೈಲು ಏನು ಮಾಡುತ್ತದೆ, ಒಂದೇ ಮಾತಿನಲ್ಲಿ ಹೇಳಿ ಎಂದು ಕೇಳಿದರು. ಜಿರಾಫೆಯ ಫೈಲುಗಳ ಹೆಸರು 'ಹೊಸದು', 'ಇನ್ನೂ ಹೊಸದು', 'ಇದೇ ಕೊನೆ' ಎಂದಿದ್ದವು. ಇದೇ ಕೊನೆಯ ನಂತರವೂ ಎರಡಿದ್ದವು. 'ಇತರೆ' ಎಂಬ ಒಂದು ಫೈಲು ಏನು ಮಾಡುತ್ತದೆಂದು ಒಂದೇ ಮಾತಿನಲ್ಲಿ ಹೇಳಲಾಗದೆ ಅವನು ತಲೆ ಕೆರೆದುಕೊಂಡಾಗ, ಹಾಗಾದರೆ ಅದು ಒಂದು ಫೈಲಲ್ಲ, ನಾಲ್ಕು ಇರಬೇಕು ಬಾ ಎಂದು ಅವನ ಜೊತೆ ಕೂತು ಬಿಡಿಸಿದರು. ಯಾರು ಏನು ಹೇಳಿದರೋ ಅದೇ ಆ ಫೈಲಿನ ಹೆಸರಾಯಿತು. ಎಲ್ಲವನ್ನೂ ಒಂದೇ ಸೂರಿನ ಕೆಳಗೆ ತಂದು, ಒಬ್ಬರನ್ನೊಬ್ಬರು ಪೂರ್ತಿ ಹೆಸರು ಹಿಡಿದು ಕರೆಯುವ ಹಾಗೆ ಮಾಡಿದರು. ನನ್ನ ದಾರಿ ತೋರಿಸುವ ಸಾಲುಗಳು ಒಂದೊಂದಾಗಿ ಮಾಯವಾದವು.

ಎಲ್ಲರ ಹತ್ತಿರ ಹೋದ ಅವರು ನನ್ನ ಹತ್ತಿರ ಬರಲಿಲ್ಲ. ನಾನು ಕುರ್ಚಿಯನ್ನು ಒರೆಸಿ ಇಟ್ಟಿದ್ದೆ. ಬಂದರೆ ಸ್ವಲ್ಪ ಸತಾಯಿಸಿ, ಆಮೇಲೆ ಅರ್ಧ ಹೇಳಿ, ಉಳಿದರ್ಧಕ್ಕೆ ನಾಳೆ ಬನ್ನಿ ಎನ್ನಬೇಕೆಂದು ಯೋಚನೆಯೂ ಸಿದ್ಧವಿತ್ತು. ಬಾರದೆ ಇದ್ದಾಗ ಜಗಳ ಆಡಿಯಾದರೂ ಬಂದು ಹೋಗಬಾರದೇ ಅನ್ನಿಸಿತು. ಕಾಫಿ ತರುವ ನೆಪದಲ್ಲಿ ಅವರ ಹಿಂದೆ ಹಾದುಹೋದೆ. ಅವರ ಪರದೆಯ ಮೇಲೆ ನನ್ನ ಕ್ಯಾಲೆಂಡರ್ ತೆರೆದಿತ್ತು. ಅದರ ಹೆಸರು ಮಾತ್ರ 'ಸರ್ವಿಸ್ ದಿನಗಳು' ಎಂದಾಗಿತ್ತು. ಹೆಸರು ಸರಿಯಾಗಿಯೇ ಇತ್ತು.

ಸಂಜೆ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ತಡೆಯಲಾರದೆ ಕೇಳಿಯೇಬಿಟ್ಟೆ. ನಮ್ಮ ಮನೆಯ ಕರೆಂಟಿನ ಕೆಲಸವೆಲ್ಲ ಅಣ್ಣನದು. ಅವನ ಕೈಚಳಕದಿಂದ ಅಡುಗೆಮನೆಯ ಸ್ವಿಚ್ಚು ಒತ್ತಿದರೆ ಬಚ್ಚಲಿನ ದೀಪ ಆರುತ್ತದೆ, ಬಾಗಿಲ ಪಕ್ಕದ್ದು ಒತ್ತಿದರೆ ನನ್ನ ಕೋಣೆಯ ಫ್ಯಾನು ತಿರುಗುತ್ತದೆ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಸ್ನಾನಕ್ಕೆ ಹೋದವರನ್ನೆಲ್ಲ ಕತ್ತಲಲ್ಲಿ ಕೂರಿಸಿದ್ದಾರೆ. ಆದರೂ ಅವನ್ನು ಸರಿಮಾಡಿಸಿ ಎಂದು ಒಂದು ದಿನವೂ ಕೇಳಿದವರಲ್ಲ.

"ಮನೇಲಿ ಸ್ವಿಚ್ಚು ಮುಟ್ಟಲಿಲ್ಲ, ನನ್ನ ಫೈಲು ಯಾಕೆ ಮುಟ್ಟಿದ್ರಿ ಅತ್ತಿಗೆ?"

"ಆ ಸ್ವಿಚ್ಚು ಮನೇಲಿರೋರಿಗೆಲ್ಲ ಗೊತ್ತು. ಮನೆಗೆ ದಿನಾ ಹೊಸಬರು ಬರ್ತಾರಾ? ಆಫೀಸಿಗೆ ಬರ್ತಾರೆ."

"ಬಂದರೆ ನಾನಿದೀನಲ್ಲ."

"ಅದೇ ಮರಿ" ಎಂದರು. "ಪ್ರತಿ ಸಲವೂ ನೀನೇ ಇರಬೇಕು."

ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ, ಪಾಪ.

ಮನೆಗೆ ಹೋದರೆ ಅಮ್ಮ, ಅತ್ತಿಗೆ ಸುಸ್ತಾಗಿದ್ದಾಳೆ, ಅವಳ ಕೈಚೀಲ ಒಳಗೆ ಇಡೋ ಎಂದಳು. ಇಟ್ಟೆ. ಇಡುವಾಗಲೇ ನಿಶ್ಚಯಿಸಿದೆ, ನಾನೂ ಒಂದು ತಯಾರಿಸುತ್ತೇನೆ ಎಂದು. ಫೈಲುಗಳ ಹೆಸರು ಮುಟ್ಟದೆ, ಯಾವ ಕಂಪ್ಯೂಟರಿಗೆ ಹಾಕಿದರೂ ತಾನೇ ದಾರಿ ಹುಡುಕಿ, ಬೇಕಾದ ಸಾಲುಗಳನ್ನು ತಾನೇ ಅಂಟಿಸಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮ್. ನನ್ನನ್ನೇ ಡಬ್ಬಿಯಲ್ಲಿ ಹಾಕಿ ಕಳಿಸಿದ ಹಾಗೆ. ಬರೆದು ಮುಗಿಸಿ ನನ್ನ ಕಂಪ್ಯೂಟರಿನಲ್ಲಿ ಓಡಿಸಿದರೆ ಬೆಣ್ಣೆಯ ಹಾಗೆ ಓಡಿತು. ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕಾದರೆ ಯಾರನ್ನಾದರೂ ಕೇಳಬೇಕಿತ್ತು. ನನ್ನನ್ನು ಕೇಳುತ್ತಿದ್ದವರನ್ನು ನಾನು ಹೋಗಿ ಕೇಳುವುದೆಂದರೆ ಹೇಗೆ?

ಪರೀಕ್ಷೆಯ ದಿನ ಮೀಟಿಂಗ್ ಕೋಣೆಯಲ್ಲಿ ಹೊಸ ಕಂಪ್ಯೂಟರಿನ ಪ್ಲಾಸ್ಟಿಕ್ ವಾಸನೆ ತುಂಬಿತ್ತು. ಟೆಸ್ಟರಕ್ಕ ತಮ್ಮ ಸ್ವೆಟರಿನ ತೋಳು ಮೇಲೇರಿಸಿಕೊಂಡು ಕೂತರು. ಉಳಿದ ನಾವು ಗೋಡೆಗೆ ಒರಗಿ ನಿಂತೆವು. ಹಿರಿಯನಾದ್ದರಿಂದ ನನ್ನದು ಮೊದಲು.

ಕೆಂಪು ಅಕ್ಷರ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಟೆಸ್ಟರಕ್ಕ ಕನ್ನಡಕ ಸರಿಮಾಡಿಕೊಂಡು ಓದಿದರು: "ಚಕ್ರವರ್ತಿ ಅಂತ ಯಾವುದೋ ಫೋಲ್ಡರ್ ಕೇಳ್ತಿದೆ. ಸಿಗ್ತಿಲ್ಲವಂತೆ. ಯಾರಪ್ಪ ಇದು ಚಕ್ರವರ್ತಿ?"

ಆಫೀಸಿಗೆ ಸೇರಿದ ದಿನ, ಹುರುಪಿನಲ್ಲಿ, ನನ್ನ ಕಂಪ್ಯೂಟರಿನಲ್ಲಿ ನನ್ನ ಫೋಲ್ಡರಿಗೆ ನಾನೇ ಇಟ್ಟುಕೊಂಡ ಹೆಸರು ಅದು. ನನ್ನ ಜಾಣ ಪ್ರೋಗ್ರಾಮು ಲೋಕದ ಯಾವ ಕಂಪ್ಯೂಟರಿಗೆ ಹೋದರೂ ಮೊದಲು ಅಲ್ಲಿ ಚಕ್ರವರ್ತಿಯನ್ನು ಹುಡುಕುತ್ತಿತ್ತು. ಜಿರಾಫೆ ಕಿಟಕಿಯ ಕಡೆ ತಿರುಗಿಕೊಂಡ, ಅವನ ಭುಜ ಮಾತ್ರ ಕುಲುಕುತ್ತಿತ್ತು.

ಎರಡನೆಯದು ಅತ್ತಿಗೆಯದು. ಒಂದು ಪುಟದಲ್ಲಿ ಹಾಕುವ ವಿಧಾನ ಬರೆದುಕೊಟ್ಟಿದ್ದರು. ಟೆಸ್ಟರಕ್ಕ ಒಂದೊಂದೇ ಸಾಲು ಓದಿ ಮಾಡಿದರು. ಪ್ರೋಗ್ರಾಮ್ ಎದ್ದಿತು. ಪರದೆಯ ಮೇಲೆ ನಾಲ್ಕು ಗುಂಡಿಗಳು ಬಂದವು. ನನ್ನ ಹೊಟ್ಟೆಯೊಳಗೆ ಯಾರೋ ಒಲೆಗೆ ಊದಿದ ಹಾಗಾಯಿತು. ಎಲ್ಲರೂ ಯಾವಾಗಲೂ ಒತ್ತುವುದು 'ಇಂದಿನ ಕೆಲಸ' ಎಂಬ ಮೊದಲ ಗುಂಡಿ. ಟೆಸ್ಟರಕ್ಕ ಎಲ್ಲರೂ ಮಾಡುವುದನ್ನು ಮಾಡಿದ್ದರೆ ಟೆಸ್ಟರಕ್ಕ ಯಾಕಾಗುತ್ತಿದ್ದರು? 'ಲಿಫ್ಟುಗಳ ಪಟ್ಟಿ' ಎಂಬ ಕೊನೆಯದನ್ನು ಒತ್ತಿದರು.

ಮತ್ತೆ ಕೆಂಪು.

ಅತ್ತಿಗೆಯ ಕಿವಿ ಕೂಡ ಕೆಂಪಾಯಿತು. ಹತ್ತಿರ ಹೋಗಿ ಬಗ್ಗಿ ಓದಿದರು. ನಾನು ಗೋಡೆಯ ಹತ್ತಿರದಿಂದಲೇ ಓದಿದೆ, ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು.

ನನ್ನ ದಿನಗಳ ಫೈಲಿಗೆ ಲಿಫ್ಟಿನ ಫೈಲು ಬೇಕು, ಯಾಕೆಂದರೆ ಆಸ್ಪತ್ರೆಯ ಲಿಫ್ಟಾದರೆ ಬೇಗ ಬೇಗ ನೋಡಬೇಕು, ಗೋದಾಮಿನದಾದರೆ ತಡವಾದರೂ ನಡೆದೀತು. ಲಿಫ್ಟಿನ ಫೈಲಿಗೆ ದಿನಗಳ ಫೈಲು ಬೇಕು, ಮುಂದಿನ ಸರ್ವಿಸ್ ಯಾವಾಗ ಎಂದು ತೋರಿಸಲು. ಎರಡೂ ಬಾಗಿಲಲ್ಲೇ, ಅಂದರೆ ಫೈಲಿನ ಮೊದಲ ಸಾಲುಗಳಲ್ಲೇ, ಒಂದನ್ನೊಂದು ಕರೆದರೆ, 'ನೀನು ಸಿದ್ಧವಾಗು, ಆಮೇಲೆ ನಾನು' ಎಂದು ಎರಡೂ ನಿಂತುಬಿಡುತ್ತವೆ. ಇದು ಗೊತ್ತಿದ್ದೇ ನಾನು ನನ್ನ ಫೈಲಿನ ಕರೆಯನ್ನು ತಲೆಯ ಮೇಲೆ ಇಡದೆ, ಹೊಟ್ಟೆಯೊಳಗೆ, ನಿಜವಾಗಿ ಬೇಕಾಗುವ ಜಾಗದಲ್ಲಿ ಅಡಗಿಸಿಟ್ಟಿದ್ದೆ. ಅಲ್ಲಿ ಯಾಕಿದೆ ಎಂದು ಬರೆದಿಟ್ಟಿರಲಿಲ್ಲ. ಬರೆದರೆ ಕುರ್ಚಿಗೆ ಯಾರು ಬರುತ್ತಾರೆ? ಅತ್ತಿಗೆ ಅದನ್ನು ನೋಡಿದ್ದಾರೆ. ಎಲ್ಲ ಕರೆಗಳೂ ಮೇಲಿರುವಾಗ ಇದೊಂದು ನಡುವೆ ಜೋತಾಡುತ್ತಿದೆಯಲ್ಲ ಎಂದು, ಅರ್ಧ ತೆರೆದ ಡ್ರಾಯರನ್ನು ಮುಚ್ಚಿದಂತೆ, ಎತ್ತಿ ಮೇಲಿಟ್ಟಿದ್ದಾರೆ. 'ಇಂದಿನ ಕೆಲಸ'ದಿಂದ ಒಳಗೆ ಹೋದರೆ ಹೇಗೋ ನಡೆಯುತ್ತದೆ. ಪಟ್ಟಿಯ ಬಾಗಿಲಿಂದ ಹೋದರೆ ಸಿಕ್ಕಿಕೊಳ್ಳುತ್ತದೆ. ಅವರು ಆ ಬಾಗಿಲಿಂದ ಹೋಗಿ ನೋಡಿರಲಿಲ್ಲ.

ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು. ಮುಖದಲ್ಲಿ ಏನೂ ತೋರಿಸದೆ ನಿಲ್ಲಲು ಬಹಳ ಕಷ್ಟಪಟ್ಟೆ. ನಾನು ಸುಮ್ಮನಿದ್ದರೆ ಕೆಲಸ ಹೊರಗಿನವರಿಗೆ ಹೋಗುತ್ತದೆ. ನನಗೂ ಇಲ್ಲ, ಅತ್ತಿಗೆಗೂ ಇಲ್ಲ. ನೀವು ಏನು ಬೇಕಾದರೂ ಅಂದುಕೊಳ್ಳಿ, ಆ ಗಳಿಗೆಯಲ್ಲಿ ಅದು ನನಗೆ ಬಹಳ ನ್ಯಾಯವಾದ ಹಂಚಿಕೆ ಎಂದೇ ಕಂಡಿತು.

ಯಜಮಾನರು ಪರದೆ ನೋಡಿ, ಎರಡೂ ಸಲ ತೊಂದರೆ ಕೊಟ್ಟದ್ದು ಇವನು ಬರೆದದ್ದೇ ತಾನೆ, ಇವನ ಆ ದಿನಗಳ ಫೈಲನ್ನು ಪೂರ್ತಿ ಕಿತ್ತು ಬಿಸಾಕಿ, ಹೊರಗಿನವರಿಂದ ಹೊಸದು ಬರೆಸೋಣ ಎಂದರು. ಅತ್ತಿಗೆ ಈಗ ಹೂಂ ಅಂದರೆ ತಪ್ಪೆಲ್ಲ ನನ್ನ ತಲೆಗೆ, ಅವರು ಪಾರು.

"ಬಿಸಾಕಬೇಡಿ ಸಾರ್" ಎಂದರು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. "ನಾನು ಆ ಫೈಲು ಪೂರ್ತಿ ಓದಿದೀನಿ. ಆಪರೇಷನ್ ನಡೆಯೋ ದಿನ ಆಸ್ಪತ್ರೆ ಲಿಫ್ಟು ನಿಲ್ಲಿಸಬಾರದು ಅಂತ ದಿನ ತಾನೇ ಮುಂದಕ್ಕೆ ಹೋಗತ್ತೆ ಅದರಲ್ಲಿ. ಒಂದೇ ಕಟ್ಟಡದಲ್ಲಿ ಎರಡು ಲಿಫ್ಟಿದ್ರೆ ಎರಡನ್ನೂ ಒಂದೇ ದಿನ ಮುಚ್ಚಲ್ಲ. ಇದನ್ನ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಹೊರಗಿನವರಿಗೆ ಇದು ಹೊಳೆಯಲ್ಲ ಸಾರ್. ಇಲ್ಲಿ ತಪ್ಪು ನಾನೇ ಏನೋ ಮಾಡಿದೀನಿ, ಏನು ಅಂತ ಗೊತ್ತಾಗ್ತಿಲ್ಲ."

ಆ ಫೈಲನ್ನು ನನ್ನ ಕಣ್ಣಲ್ಲದೆ ಬೇರೆ ಕಣ್ಣು ಓದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡು ಲಿಫ್ಟಿನ ವಿಷಯ ಬರೆದ ದಿನ ನಾನು ಜಿರಾಫೆಗೆ ತೋರಿಸಲು ಹೋಗಿದ್ದೆ. ಅವನು ಬಾಳೆಹಣ್ಣು ತಿನ್ನುತ್ತಾ 'ಸೂಪರ್ ಗುರುಗಳೇ' ಎಂದಿದ್ದ, ಪರದೆಯನ್ನೇ ನೋಡದೆ. ನ್ಯಾಯ, ಧರ್ಮ, ಸಂಬಂಧ ಇವಾವುವೂ ನನ್ನ ಬಾಯಿ ತೆರೆಸಿದ್ದಲ್ಲ. ಹೊಗಳಿಕೆ ತೆರೆಸಿತು. ಮನೆಯಲ್ಲೂ ಆಫೀಸಿನಲ್ಲೂ ಸಿಗದಿದ್ದದ್ದು, ಸಿಕ್ಕಿದ್ದೂ ಅವರ ಬಾಯಿಂದಲೇ. ಅದಕ್ಕೂ ಹೊಟ್ಟೆ ಉರಿಯಿತು.

"ಆ ಕರೆ ನಡುವೆ ಸುಮ್ಮನೆ ಇರಲಿಲ್ಲ ಅತ್ತಿಗೆ" ಎಂದೆ.

ಅವರು ತಿರುಗಿ ನೋಡಿದರು. "ಮತ್ತೆ?"

"ನೀವು ಮೇಲಕ್ಕೆ ತಂದಿರಿ. ಈಗ ಎರಡೂ ಒಂದನ್ನೊಂದು ಕಾಯ್ತಿವೆ."

ಅವರು ಹಣೆಗೆ ಕೈ ಬಡಿದುಕೊಂಡರು. ಕೆಳಗೇ ಇಟ್ಟುಬಿಡಿ, ಹಳೆಯ ಹಾಗೆ ಎಂದೆ ನಾನು. ಅವರು ಕೇಳಲಿಲ್ಲ. ಅಡಗಿಸಿಟ್ಟರೆ ನಾಳೆ ನನ್ನಂಥವಳು ಇನ್ನೊಬ್ಬಳು ಬಂದು ಮತ್ತೆ ಮೇಲೆ ಎತ್ತಿಡುತ್ತಾಳೆ ಎಂದರು. ದಿನಗಳ ಫೈಲಿಗೆ ಲಿಫ್ಟಿನ ಫೈಲಿನಿಂದ ಬೇಕಾಗಿದ್ದು ಲಿಫ್ಟು ಎಂಥದ್ದು ಎಂಬ ಒಂದೇ ಒಂದು ಸಂಗತಿ. ಅದನ್ನು ಅಲ್ಲಿಂದ ತೆಗೆದು ಮೂರನೆಯದಾಗಿ ಇಟ್ಟರೆ, ಆ ಮೂರನೆಯದು ಯಾರನ್ನೂ ಕರೆಯದೆ ತನ್ನ ಪಾಡಿಗೆ ತಾನಿದ್ದರೆ, ಕಾಯುವ ಮಾತೇ ಇಲ್ಲ. ಇದನ್ನು ಹೇಳಿದ್ದು ಅವರೋ ನಾನೋ ಈಗ ಸರಿಯಾಗಿ ನೆನಪಿಲ್ಲ. ನಾನು ಎಂದು ಬರೆಯಲು ಕೈ ಹೋಗುತ್ತಿದೆ. ಅವರು ಎಂದೇ ಇಟ್ಟುಕೊಳ್ಳಿ.

ನನ್ನ ಮೇಜಿಗೆ ಬಂದೆವು. ಅತ್ತಿಗೆ ರೋಗಿ ಕುರ್ಚಿಯನ್ನು ಎಳೆದು ಕೂತರು. ಅವರು ಹೇಳಿದ್ದನ್ನು ನಾನು ಟೈಪ್ ಮಾಡಿದೆ, ನಾನು ಹೇಳಿದ್ದನ್ನು ಅವರು ತಿದ್ದಿದರು. ಮೂರನೆಯ ಫೈಲಿಗೆ ಏನೆಂದು ಹೆಸರಿಡೋಣ ಎಂದು ಕೇಳಿದರು. ನನಗೆ ಎಂಥೆಂಥ ಹೆಸರುಗಳು ಹೊಳೆದವು, ಗಂಭೀರವಾದವು, ಗಂಟಲು ತುಂಬಿ ಹೇಳಬಹುದಾದಂಥವು. ಆದರೆ ಚಕ್ರವರ್ತಿಯ ಕಥೆ ಆಗಿ ಇನ್ನೂ ಗಂಟೆ ಕಳೆದಿರಲಿಲ್ಲ.

"ಲಿಫ್ಟಿನ ಬಗೆಗಳು" ಎಂದೆ.

"ಅಷ್ಟೇ ಸಾಕು" ಎಂದರು.

ಟೆಸ್ಟರಕ್ಕ ಎಲ್ಲವನ್ನೂ ಅಳಿಸಿ ಮೊದಲಿಂದ ಹಾಕಿದರು. ನಾಲ್ಕೂ ಗುಂಡಿಗಳನ್ನು ಮುಂದಿನಿಂದ, ಹಿಂದಿನಿಂದ, ಒಂದು ಬಿಟ್ಟು ಒಂದು, ಎರಡು ಒಟ್ಟಿಗೆ ಒತ್ತಿ ನೋಡಿದರು. ಏನೂ ಸಿಗದೆ ಅವರ ಮುಖ ಸಪ್ಪಗಾಯಿತು. ನಮ್ಮ ಆಫೀಸಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಯಜಮಾನರು ಅತ್ತಿಗೆಯನ್ನು ಮುಖ್ಯಸ್ಥೆ ಮಾಡಿದರು. ಅರ್ಧವಾದರೂ ನನಗೆ ಬರಬಹುದು, ಇಬ್ಬರೂ ಸೇರಿ ಎಂಬ ಮಾತಾದರೂ ಬರಬಹುದು ಎಂದು ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು ನಿಂತಿದ್ದೆ. ಅವರು ನನ್ನ ಬೆನ್ನು ತಟ್ಟಿ, "ಸ್ವಲ್ಪ ಅಭ್ಯಾಸ ತಪ್ಪಿದೆ, ಪರವಾಗಿಲ್ಲ, ಅತ್ತಿಗೆ ನೋಡ್ಕೋತಾರೆ" ಎಂದರು. ಈ ಸಲ ಜಿರಾಫೆ ಕಿಟಕಿಯ ಕಡೆ ತಿರುಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಈಗ ಕೆಂಪು ಅಕ್ಷರ ಹಿಡಿದುಕೊಂಡು ಯಾರೂ ನನ್ನ ಹತ್ತಿರ ಬರುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದ ದಿನ ಮಧ್ಯಾಹ್ನದೊಳಗೆ ತಾನೇ ಎಲ್ಲ ಹಾಕಿಕೊಂಡು ಕೆಲಸ ಶುರುಮಾಡಿದಳು. ನಾನು ಯಾರು ಎಂದೂ ಅವಳಿಗೆ ಗೊತ್ತಾಗಲಿಲ್ಲ. ಊಟದ ಕೋಣೆಗೆ ಕುರ್ಚಿ ಸಾಲದೆಂದು ಜಿರಾಫೆ ರೋಗಿ ಕುರ್ಚಿಯನ್ನು ಎತ್ತಿಕೊಂಡು ಹೋಗಲು ಬಂದ. ಇರಲಿ ಬಿಡೋ ಎಂದೆ. ಯಾಕೆ, ಯಾರು ಬರ್ತಾರೆ ಎಂದ.

ಅವನು ಕುರ್ಚಿಯ ಬೆನ್ನಿಗೆ ಕೈ ಹಾಕಿರುವಾಗಲೇ ಅತ್ತಿಗೆ ಬಂದು ಅದರಲ್ಲಿ ಕೂತರು. ಜಿರಾಫೆ ಕೈ ತೆಗೆದ.

"ಏನು, ಯಾವುದು ಸಿಗ್ತಿಲ್ಲ?" ಎಂದೆ. ಧ್ವನಿಯಲ್ಲಿ ಆಸೆ ಇತ್ತೇನೋ.

"ಎಲ್ಲ ಸಿಗ್ತಿದೆ ಮರಿ. ಎಲ್ಲಿದೆ ಅಂತ ಕೇಳೋಕೆ ಬಂದಿಲ್ಲ" ಎಂದರು. "ಶವಾಗಾರದ ಲಿಫ್ಟಿಗೆ ನೀನು ದಿನ ಗೊತ್ತು ಮಾಡಿರೋದು ಬೇರೆ ಥರ ಇದೆ. ಯಾಕೆ ಹಾಗೆ?"

ಅದಕ್ಕೊಂದು ಕಾರಣವಿತ್ತು. ಬಹಳ ಹಿಂದೆ ಒಬ್ಬ ಮುದುಕ ಮೆಕ್ಯಾನಿಕ್ ಜೊತೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಮಧ್ಯಾಹ್ನ ಕಳೆದದ್ದು, ಆ ಲಿಫ್ಟು ಅರ್ಧದಲ್ಲಿ ನಿಂತರೆ ಹೊರಗೆ ಕಾಯುವವರ ಮುಖ ಹೇಗಿರುತ್ತದೆ ಎಂದು ಅವನು ಹೇಳಿದ್ದು. ಹೇಳುತ್ತಾ ಹೋದೆ. ಅತ್ತಿಗೆ ಕೆನ್ನೆಗೆ ಕೈಯಿಟ್ಟು ಕೇಳಿದರು. ಜಿರಾಫೆ ನಿಂತೇ ಕೇಳಿದ, ಬಾಳೆಹಣ್ಣು ಇಲ್ಲದೆ. ಸತಾಯಿಸಬೇಕು, ಅರ್ಧ ಹೇಳಿ ನಾಳೆ ಬನ್ನಿ ಎನ್ನಬೇಕು ಎಂಬುದು ನನಗೆ ನೆನಪಾದಾಗ ಪೂರ್ತಿ ಹೇಳಿ ಮುಗಿದುಹೋಗಿತ್ತು.

ಅವರು ಎದ್ದರು. ಹೋಗುವಾಗ ನನ್ನ ಡ್ರಾಯರಿನ ಕಡೆ ನೋಡಿದರು. ಅದು ಅರ್ಧ ತೆರೆದಿತ್ತು. ಸೊಂಟ ಅತ್ತ ಹೊರಳಿತು, ತಡೆಯಿತು.

"ಇದು ಹೀಗೇ ಇರೋದಕ್ಕೆ ಏನಾದರೂ ಕಾರಣ ಇದೆಯಾ?" ಎಂದರು.

"ಇದೆ" ಎಂದೆ. ಏನೂ ಇರಲಿಲ್ಲ.

ಅವರು ಮುಚ್ಚದೆ ಹೋದರು. ಹೋಗಿ ಕೂತು, ಕೆಲಸ ಮಾಡುತ್ತಾ, ಆಗಾಗ ತಿರುಗಿ ಅದರ ಕಡೆ ನೋಡುತ್ತಿದ್ದರು. ಆ ದಿನವೆಲ್ಲ ನಾನು ಬಹಳ ಸುಖವಾಗಿದ್ದೆ.

ಸಂಜೆ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅಣ್ಣ ಹೇಳಿದನಂತೆ, ಆಫೀಸಿನಲ್ಲಿ ಅತ್ತಿಗೆಯೇ ಈಗ ದೊಡ್ಡವರಂತೆ. "ಅವಳ ಮಾತು ಕೇಳಿಕೊಂಡು ಇರು ಕಣೋ ಮರಿ" ಎಂದಳು, ನನ್ನ ಕೈಗೆ ಅತ್ತಿಗೆಯ ಕೈಚೀಲ ಕೊಡುತ್ತಾ. ಒಳಗೆ ಇಟ್ಟು ಬರುವಾಗ ದಾರಿಯಲ್ಲಿ ಅಡುಗೆಮನೆಯ ಸ್ವಿಚ್ಚು ಒತ್ತಿದೆ. ಬಚ್ಚಲಿನಿಂದ ಅಣ್ಣ ಕೂಗಿಕೊಂಡ.